ರೀಶಾಳ ಕೆಂಪು ಪಾದ

ರೀಶಾಳ ನಾಲ್ಕೂ ಪಾದಗಳು ಕೆಂಪಾಗಿದ್ದವು.

ರಕ್ತವೆಂದೇ ತಿಳಿದಳು ಶಮ್ಮಾ. ಹೊಸ್ತಿಲಲ್ಲೇ ಕುಕ್ಕರುಗಾಲಿನಲ್ಲಿ ಕೂತು ಮುಂಗಾಲೊಂದನ್ನು ಅಂಗೈಗೆ ತೆಗೆದುಕೊಂಡಳು. ತಲೆವಸ್ತ್ರದ ಅಂಚನ್ನು ಒದ್ದೆ ಮಾಡಿ ಉಜ್ಜಿದಳು. ಬಣ್ಣ ಬಿಡಲಿಲ್ಲ. ಮೂಸಿ ನೋಡಿದಳು.

ಮದರಂಗಿ. ಅದೂ ಹೊಸದು.

ಕಲ್ಲುನೆಲದಲ್ಲಿ ಓಡುವ ಸಲೂಕಿ ಬೇಟೆನಾಯಿಯ ಪಾದ ಒಡೆಯದಿರಲೆಂದು ಮದರಂಗಿ ಮೆತ್ತುವುದು ಆ ಬೆಟ್ಟದ ತಪ್ಪಲಿನ ಮನೆಮನೆಯ ರೂಢಿ. ಆದರೆ ರೀಶಾಳನ್ನು ಕರೆದುಕೊಂಡು ಮೊಲದ ಬೇಟೆಗೆ ಹೋದ ಅಣ್ಣ ಹವ್ವಾಸ್ ಪಾಳುಬಾವಿಯಲ್ಲಿ ಹೆಣವಾಗಿ ಸಿಕ್ಕಿ, ಮಣ್ಣು ಸೇರಿ ಎರಡು ವಾರವಾಗಿತ್ತು. ಅಂದಿನಿಂದ ರೀಶಾ ನಾಪತ್ತೆ. ಕಾಲು ಜಾರಿ ಬಿದ್ದನೆಂದು ಪೊಲೀಸರು ಬರೆದುಕೊಂಡು ಹೋಗಿದ್ದರು. ಆ ಬಾವಿಯ ಕಟ್ಟೆಯ ಮೇಲೆ ಓಡಾಡಿಯೇ ಬೆಳೆದವನು ಕಾಲು ಜಾರಿದನೆಂದರೆ ನಂಬದವಳು ಊರಿಗೆಲ್ಲ ಶಮ್ಮಾ ಒಬ್ಬಳೇ.

ಹೊರಗೆ ಮಂಜು ಗೋಡೆಯಂತೆ ನಿಂತಿತ್ತು. ಅಂಗಳದಾಚೆಯ ಕುರಿದೊಡ್ಡಿಯೂ ಕಾಣುತ್ತಿರಲಿಲ್ಲ. ಹೊತ್ತು ಮೇಲೆ ಬಂದಿದ್ದರೂ ಬೆಳಕು ಬೂದಿಯ ಬಣ್ಣಕ್ಕಿತ್ತು.

ಶಮ್ಮಾ ರೀಶಾಳನ್ನು ಒಳಗೆಳೆದುಕೊಂಡು ಬಾಗಿಲು ಮುಂದೆ ಮಾಡಿದಳು. ಮೈಯೆಲ್ಲ ತಡವಿ ನೋಡಿದಳು. ಗಾಯವಿಲ್ಲ. ಪಕ್ಕೆಲುಬುಗಳು ಎಂದಿನಷ್ಟೇ ಕಾಣುತ್ತಿದ್ದವು, ಹೆಚ್ಚಿಲ್ಲ. ಅಂದರೆ ಯಾರೋ ಹೊಟ್ಟೆಗೆ ಹಾಕಿದ್ದಾರೆ.

ಕೊರಳಲ್ಲಿ ಒಂದು ತುಂಡು ಹಗ್ಗ. ಅದರ ತುದಿಯನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಹಲ್ಲಿನಿಂದ ಕಚ್ಚಿದ್ದರೆ ನಾರು ಎದ್ದಿರಬೇಕಿತ್ತು. ಇದು ಚಾಕುವಿನ ಕೆಲಸ, ಒಂದೇ ಏಟಿಗೆ ಕತ್ತರಿಸಿದ್ದು. ಗಂಟು ಬಿಚ್ಚಲೂ ಪುರುಸೊತ್ತಿಲ್ಲದ ಯಾರೋ ಇವಳನ್ನು ಬಿಟ್ಟು ಕಳಿಸಿದ್ದಾರೆ.

ಅವಳ ಕೈ ಹೊಟ್ಟೆಯ ಮೇಲೆ ನಿಂತಿತು. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದಳು. ಚರ್ಮದಡಿ ಅಕ್ರೋಟಿನಷ್ಟು ಗಾತ್ರದ ಗಂಟುಗಳು ಸಾಲಾಗಿ ಸಿಕ್ಕವು. ಗಬ್ಬ ನಿಂತಿದೆ.

ಬೇರೆ ದಿನವಾಗಿದ್ದರೆ ಕೂಗಿ ಊರನ್ನೇ ಸೇರಿಸುತ್ತಿದ್ದಳು. ಅಜ್ಜಿಯ ಕಾಲದಿಂದ ಈ ಮನೆಯಲ್ಲಿ ಹೆಣ್ಣುಮಕ್ಕಳೇ ಸಾಕಿ ಉಳಿಸಿದ ತಳಿಯಿದು. ಕಳೆದ ತಿಂಗಳು ಊರ ಮುಖಂಡ ಶೇಖನ ಮನೆಯ ಗಂಡು ಸಲೂಕಿಯ ಜೊತೆ ರೀಶಾಳನ್ನು ಕೂಡಿಸಿದಾಗ ಹಿರಿಯರನ್ನು ಸಾಕ್ಷಿಗೆ ಕೂರಿಸಿ, ತಳಿ ಶುದ್ಧವೆಂದು ಹವ್ವಾಸ್ ಆಣೆಯಿಟ್ಟಿದ್ದ. ಈಗ ಆಣೆಯಿಟ್ಟವನೇ ಇಲ್ಲ.

"ಅತ್ತಿಗೇ! ರೀಶಾ ಬಂದ್ಲು ನೋಡು!"

ಒಲೆಮನೆಯಿಂದ ಹವ್ವಾಸನ ಹೆಂಡತಿ ನೋಫಾ ಬಂದಳು. ಕಾವಲಿಯ ಮೇಲೆ ರೊಟ್ಟಿ ಸುಡುತ್ತಿದ್ದಳೇನೋ, ಕಪ್ಪು ಬಟ್ಟೆಯ ಮೇಲೆಲ್ಲ ಹಿಟ್ಟು. ರೀಶಾಳನ್ನು ಕಂಡವಳೇ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಒಬ್ಬಳೇ ಬಂದ್ಲಾ?" ಎಂದಳು.

ಶಮ್ಮಾ ತಲೆಯೆತ್ತಿದಳು. "ಇನ್ಯಾರ ಜೊತೆ ಬರ್ಬೇಕಿತ್ತು?"

ರೀಶಾ ಬಾಲದ ತುಪ್ಪುಳವನ್ನು ಬೀಸುತ್ತ ಹೋಗಿ ನೋಫಾಳ ಕೈ ನೆಕ್ಕಲು ಮೂತಿ ಚಾಚಿತು. ಎರಡು ವಾರದ ಮೇಲೆ ಕಂಡ ಸಂಭ್ರಮವೇನೂ ಅದರಲ್ಲಿರಲಿಲ್ಲ. ನಿನ್ನೆ ಮೊನ್ನೆ ಕಂಡವರ ಹತ್ತಿರ ಹೋದಂತೆ ಹೋಯಿತು. ನೋಫಾ ಥಟ್ಟನೆ ಎರಡೂ ಕೈಗಳನ್ನು ಬಟ್ಟೆಯ ತೋಳಿನೊಳಗೆ ಎಳೆದುಕೊಂಡಳು.

ಅಷ್ಟರಲ್ಲಿ ಮಂಜಿನೊಳಗಿಂದ ಪಿಕಪ್ಪಿನ ಸದ್ದು ಕೇಳಿಸಿತು.

ಆ ಇಂಜಿನಿನ ಕೆಮ್ಮು ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಚಿಕ್ಕಪ್ಪ ದಹಾಮ್. ರೀಶಾ ಒಂದೇ ನೆಗೆತಕ್ಕೆ ಮೂಲೆ ಸೇರಿ, ಮಡಿಸಿಟ್ಟ ಹಾಸಿಗೆಗಳ ಸಂದಿಯಲ್ಲಿ ಹುದುಗಿಕೊಂಡಿತು.

ಗಾಡಿಯ ಬಾಗಿಲು ಬಡಿದ ಸದ್ದು. ಆಮೇಲೆ ದಹಾಮನ ದಪ್ಪ ದನಿ, ಅಂಗಳದಿಂದಲೇ: "ಬಂದಳಾ ಕಳ್ಳಿ?"

ಒಳಗೆ ಬಂದಾಗ ಅವನ ಕೈಯಲ್ಲಿ ಚರ್ಮದ ಕೊರಳಪಟ್ಟಿ ಇತ್ತು. ಮೀಸೆಯ ತುಂಬ ಮಂಜಿನ ಹನಿ, ಮುಖದ ತುಂಬ ನಗು. "ಏನಮ್ಮಾ, ಚಿಕ್ಕಪ್ಪಂಗೆ ಕಾಫಿ ಕೊಡೋದು ಮರೆತೇಹೋಯ್ತಾ ಈ ಮನೇಲಿ?"

ನೋಫಾ ಹಿಡಿಯಿಲ್ಲದ ಬಟ್ಟಲಿಗೆ ಕಹಿ ಕಾಫಿ ಬಗ್ಗಿಸಿ, ಬಟ್ಟೆಯ ಅಂಚಿನಲ್ಲಿ ಕೈ ಮುಚ್ಚಿಕೊಂಡೇ ಚಾಚಿದಳು. ದಹಾಮ್ ಒಂದು ಗುಟುಕಿಗೆ ಮುಗಿಸಿ, ಹಾಸಿಗೆಗಳ ಸಂದಿಯತ್ತ ಬಗ್ಗಿ ನೋಡಿದ.

"ನಿಮ್ಮಣ್ಣ ಹೆಂಡ್ತೀನ ಹೊರಗೆ ಮಲಗ್ಸಿ ಇವಳನ್ನ ಪಕ್ಕಕ್ಕೆ ಹಾಕ್ಕೊಂತಿದ್ದ. ನೋಡು, ಹಾಗೆ ಮುದ್ದು ಮಾಡ್ದೋನನ್ನ ಬಾವೀಲಿ ಬಿಟ್ಟು ಬಂದವಳೆ." ನಕ್ಕ. ಯಾರೂ ನಗಲಿಲ್ಲ. "ಒಡೆಯ ಸತ್ತ ಮನೇಲಿ ಇವಳಿರಬಾರದು ಮಗಳೇ. ನಾನು ಕರ್ಕೊಂಡ್ಹೋಗ್ತೀನಿ."

"ಗಬ್ಬ ಆಗಿದಾಳೆ ಚಿಕ್ಕಪ್ಪ."

ದಹಾಮನ ಕಣ್ಣು ಹೊಳೆಯಿತು. ತಕ್ಷಣ ಅದನ್ನು ಮರೆಸಿದ. "ಹೌದಾ? ಹಾಗಾದ್ರೆ ಇನ್ನೂ ಜೋಪಾನವಾಗಿ ನೋಡ್ಕೋಬೇಕು."

ಅಂಗಳದಲ್ಲಿ ಸರಪಳಿ ಝಣಝಣಿಸಿತು. ಪಿಕಪ್ಪಿನ ಹಿಂದೆ ಅವನ ಗಂಡುನಾಯಿ ಬರ್ಕ್ ನಿಂತಿತ್ತು. ಹೊರದೇಶದಿಂದ ತರಿಸಿದ ಓಟದ ನಾಯಿಗೆ ಸಲೂಕಿ ಬೆರೆಸಿ ಹುಟ್ಟಿಸಿದ್ದು. ಕುತ್ತಿಗೆ ದಪ್ಪ, ಕಿವಿ ಮೊಟಕು. ನೂರು ಗಜ ಬಾಣದಂತೆ ಓಡುತ್ತದೆ, ಆಮೇಲೆ ಏದುಸಿರು. ಹಿಡಿದ ಮೊಲವನ್ನು ಒಡೆಯನಿಗೆ ತಂದುಕೊಡುವುದಿಲ್ಲ. ಅಲ್ಲೇ ಸಿಗಿಯುತ್ತದೆ.

"ಇವನಿರುವಾಗ ಅವಳನ್ನ ಹತ್ತಿಸೋ ಹಾಗಿಲ್ಲ, ಹರಿದುಹಾಕ್ತಾನೆ," ಎಂದ ದಹಾಮ್, ಎದ್ದು ನಿಂತು. "ಇವನನ್ನ ಮನೇಲಿ ಕಟ್ಹಾಕಿ ಈಗ್ಲೇ ವಾಪಸ್ ಬರ್ತೀನಿ. ಅಲ್ಲೀವರೆಗೆ ಬಾಗಿಲು ತೆಗೀಬೇಡಿ. ಬಂದ ಸುದ್ದಿ ಯಾರ ಕಿವಿಗೂ ಬೀಳೋದು ಬೇಡ. ಆಯ್ತಾ?"

ಪಿಕಪ್ಪು ಮಂಜಿನಲ್ಲಿ ಕರಗಿತು. ಸದ್ದು ಪೂರ್ತಿ ಅಡಗುವವರೆಗೂ ಶಮ್ಮಾ ಅಲುಗಲಿಲ್ಲ.

ಆಮೇಲೆ ಅಗಳಿ ಹಾಕಿ ತಿರುಗಿದಳು. "ಅತ್ತಿಗೆ, ಕೈ ತೋರ್ಸು."

"ಯಾಕೆ?"

"ತೋರ್ಸು ಅಂದೆ."

"ಒಲೇಲಿ ರೊಟ್ಟಿ..."

ಶಮ್ಮಾ ಅವಳ ಮಣಿಕಟ್ಟು ಹಿಡಿದು ತೋಳಿನಿಂದ ಹೊರಗೆಳೆದಳು. ನೋಫಾ ಕೊಸರಿಕೊಂಡಳು. ಹಿಟ್ಟು ಮೆತ್ತಿದ ಬೆರಳುಗಳ ಉಗುರಂಚಿನಲ್ಲಿ ಕಿತ್ತಳೆಗೆಂಪು ಕಲೆ ಅಂಟಿಕೊಂಡಿತ್ತು.

"ಗಂಡಸರು ಮದರಂಗಿ ಹಚ್ಚಿದ್ರೆ ಮೊಣಕಾಲವರೆಗೂ ಬಳೀತಾರೆ," ಎಂದಳು ಶಮ್ಮಾ. "ಇವಳ ಬೆರಳ ಸಂದಿ ಸಂದಿಗೂ ತುಂಬಿದಾರೆ. ಅಂಚು ಗೆರೆ ಎಳೆದ ಹಾಗಿದೆ. ಹೆಂಗಸಿನ ಕೈ. ನೋಡ್ದಾಗ್ಲೇ ಅಂದ್ಕೊಂಡೆ, ಆದ್ರೆ ನಿನ್ನ ಕೈ ಅಂತ ಅಂದ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ."

"ಬಿಡು ಶಮ್ಮಾ, ನೋಯ್ತಿದೆ."

"ನನ್ನಣ್ಣ ಸತ್ತು ಇನ್ನೂ ಹದಿನೈದು ದಿನ ಆಗಿಲ್ಲ. ವಿಧವೆ ಮದರಂಗಿ ಮುಟ್ಟೋ ಹಾಗಿಲ್ಲ ಅಂತ ನಿನಗೆ ಗೊತ್ತಿಲ್ವಾ? ಸೌದೆಗೆ ಹೋಗ್ತೀನಿ ಅಂತ ಹೋಗಿ ಎಲ್ಲಿಗೆ ಹೋಗ್ತಿದ್ದೆ? ಯಾವನ ಮನೇಲಿ ಇಟ್ಟಿದ್ದೆ ಇವಳನ್ನ? ಯಾವನು ಅವನು? ನನ್ನಣ್ಣನ್ನ ಕೊಂದವನು?"

ನೋಫಾ ಕೊಸರುವುದನ್ನು ನಿಲ್ಲಿಸಿದಳು. ಒಮ್ಮೆ ಬಾಗಿಲತ್ತ ನೋಡಿದಳು. ಆಮೇಲೆ ತೀರಾ ಮೆಲ್ಲಗೆ, ತುಟಿ ಮಾತ್ರ ಅಲುಗುವಂತೆ ಹೇಳಿದಳು.

"ಮದರಂಗಿ ಮುಟ್ಟಬಾರದ್ದು ಗಂಡ ಸತ್ತವಳು."

ಶಮ್ಮಾಳ ಹಿಡಿತ ಸಡಿಲಿತು.

ಮೂಲೆಯಲ್ಲಿ ರೀಶಾ ಕಾಲು ನೆಕ್ಕಿಕೊಳ್ಳುತ್ತಿತ್ತು. ಶಮ್ಮಾ ನೆಲದ ಮೇಲೆ ಕೂತಳು. ಅಳಬೇಕೋ ನಗಬೇಕೋ ತಿಳಿಯದೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಬದುಕಿದಾನಾ?"

"ಮೊನ್ನೆ ಸಂಜೆವರೆಗೂ ಬದುಕಿದ್ದ. ಬೆಟ್ಟದ ಹಿಂದೆ ಕುರುಬರು ಬಿಟ್ಟುಹೋದ ಮಣ್ಣಿನ ಮನೆ ಇದ್ಯಲ್ಲ, ಅಲ್ಲಿ. ರೊಟ್ಟಿ ಕೊಟ್ಟು, ಇವಳ ಪಾದ ಒಡೆದಿತ್ತು ಅಂತ ಮದರಂಗಿ ಹಚ್ಚಿ ಬಂದೆ. ನಿನ್ನೆ ಮಂಜು, ಹೋಗೋಕಾಗ್ಲಿಲ್ಲ."

"ಹಾಗಾದ್ರೆ ನಾವು ಮಣ್ಣು ಮಾಡಿದ್ದು ಯಾರನ್ನ?"

"ರಾಕಾನ್ ಅಂತ. ಕೊಲ್ಲಿ ದೇಶದ ಸಾಹುಕಾರನ ಕಡೆಯೋನು, ಕಂದು ಜುಬ್ಬಾ ಹಾಕ್ಕೊಂಡು ಬಂದಿದ್ನಲ್ಲ, ಅವನು."

ಶಮ್ಮಾಳಿಗೆ ಅವನ ನೆನಪಿತ್ತು. ಅಣ್ಣನನ್ನು ಕೇಳಿಕೊಂಡು ಬಂದು ಅಂಗಳದಲ್ಲಿ ನಿಂತಿದ್ದ. ಕೆಲಸ ಮುಗಿಸಿ ಗಡಿ ದಾಟಿ ಹೋದನೆಂದು ಆಮೇಲೆ ಊರಿಗೆಲ್ಲ ಹೇಳಿದ್ದು ದಹಾಮನೇ.

ನೋಫಾ ಅವಳ ಪಕ್ಕಕ್ಕೆ ಜರುಗಿ ಕೂತು, ಒಂದೇ ಉಸಿರಿಗೆ ಹೇಳತೊಡಗಿದಳು. "ಚಿಕ್ಕಪ್ಪ ನಿಮ್ಮ ತಳಿಯ ಮರಿ ಅಂತ ಹೇಳಿ ಆ ಸಾಹುಕಾರನಿಗೆ ಬೆರಕೆ ಮರಿ ಮಾರಿದ್ರಂತೆ. ಬೆಳೀತಾ ಬೆಳೀತಾ ಕಿವಿ ಮೊಟಕಾಯ್ತು, ಕುತ್ತಿಗೆ ದಪ್ಪ ಆಯ್ತು. ನಿಜ ಏನು ಅಂತ ಕೇಳೋಕೆ ರಾಕಾನ್‌ನ ಕಳ್ಸಿದ್ರು. ಅವನು ನಿಮ್ಮಣ್ಣನ್ನೇ ಕಳ್ಳ ಅಂದ. ಹೊಲದಲ್ಲಿ ಮಾತಿಗೆ ಮಾತು ಬೆಳೀತು. ನಿಮ್ಮಣ್ಣ ಒಂದ್ಸಲ ತಳ್ಳಿದ. ಹಿಂದೆ ಬಾವಿ ಇತ್ತು."

"ಸತ್ತೇಹೋದ್ನಾ?"

"ಇಲ್ಲ! ಕಾಲು ಮುರಿದಿತ್ತಂತೆ, ಕೆಳಗಿಂದ ಕೂಗ್ತಿದ್ದ. ನಿಮ್ಮಣ್ಣ ಹಗ್ಗ ತರೋಕೆ ಅಂತ ಚಿಕ್ಕಪ್ಪನ ಮನೆಗೆ ಓಡಿದ. ಅವರು, ನೀನು ಇಲ್ಲೇ ಇರು, ನಡುಗ್ತಿದ್ದೀಯ, ನಾನೇ ನೋಡ್ಕೊಂಡು ಬರ್ತೀನಿ ಅಂತ ಹೋದ್ರು. ವಾಪಸ್ ಬಂದು, ಜೀವ ಹೋಗಿತ್ತು ಕಣೋ ಅಂದ್ರು. ಅತಿಥಿ ರಕ್ತ ನಿನ್ನ ತಲೆ ಮೇಲಿದೆ, ಅವರ ಕಡೆಯೋರು ಬಿಡಲ್ಲ, ಸದ್ಯಕ್ಕೆ ನೀನೇ ಸತ್ತ ಹಾಗೆ ಇರು, ನಾನು ರಾಜಿ ಮಾಡ್ಸೋವರೆಗೂ ಅಂತ. ನಿಮ್ಮಣ್ಣನ ಅಂಗಿ, ಸೊಂಟಪಟ್ಟಿ ಬಿಚ್ಚಿಸ್ಕೊಂಡು ಹೋದ್ರು. ಆ ಮಣ್ಣಿನ ಮನೇಲಿ ಬಚ್ಚಿಟ್ಟು, ರೊಟ್ಟಿ ಕೊಟ್ಟು ಬರೋಕೆ ನನಗೊಬ್ಬಳಿಗೇ ಹೇಳಿದ್ದೂ ಅವರೇ."

ಹೆಣದ ಮೈ ತೊಳೆದದ್ದು ದಹಾಮ್ ಒಬ್ಬನೇ. ಮುಖ ಜಜ್ಜಿಹೋಗಿದೆ, ಯಾರೂ ನೋಡಬೇಡಿ ಎಂದು ಬಾಗಿಲಲ್ಲಿ ನಿಂತು ಅತ್ತಿದ್ದ. ಬಟ್ಟೆ ನೋಡಿ ಎಲ್ಲರೂ ಹವ್ವಾಸನೆಂದೇ ನಂಬಿದ್ದರು. ಶಮ್ಮಾ ಕೂಡ.

ಅವಳು ಕಣ್ಣು ಮುಚ್ಚಿಕೊಂಡಳು. ಅಣ್ಣ ಓಡಿಬರುವಾಗ ಬಾವಿಯೊಳಗಿನವನು ಕೂಗುತ್ತಿದ್ದ. ಕಾಲು ಮುರಿದಿತ್ತು, ಅಷ್ಟೇ. ಮುಖಕ್ಕೇನೂ ಆಗಿರಲಿಲ್ಲ.

"ಅತ್ತಿಗೆ," ಎಂದಳು. "ಅಣ್ಣ ಬಿಟ್ಟುಬಂದಾಗ ಆತ ಬದುಕಿದ್ದ. ಚಿಕ್ಕಪ್ಪ ಹೋಗಿ ಬಂದ್ಮೇಲೆ ಸತ್ತಿದ್ದ. ಮುಖದ ಮೇಲೆ ಕಲ್ಲು ಬಿದ್ದದ್ದು ಯಾವಾಗ?"

ನೋಫಾ ಅವಳ ಬಾಯನ್ನೇ ನೋಡುತ್ತ ಕೂತಳು. ಮಾತು ಒಳಗಿಳಿಯಲು ಹೊತ್ತು ಹಿಡಿಯಿತು. ಇಳಿದಾಗ ಅವಳ ಗಂಟಲಿನಿಂದ ಸಣ್ಣದೊಂದು ಸದ್ದು ಹೊರಟಿತು.

"ಚಿಕ್ಕಪ್ಪನಿಗೆ ಬೇಕಾಗಿದ್ದದ್ದು ಅಣ್ಣನ ಬಾಯಿ ಮುಚ್ಚೋದು," ಎಂದಳು ಶಮ್ಮಾ. "ಅವನ ದೊಡ್ಡಿಯಲ್ಲಿ ಇರೋದೆಲ್ಲ ಬೆರಕೆ. ಶುದ್ಧ ಅಂತ ಉಳಿದಿರೋದು ರೀಶಾ, ಅವಳ ಹೊಟ್ಟೇಲಿರೋ ಮರಿಗಳು. ಅಣ್ಣ ಇಲ್ದಿದ್ರೆ ಎಲ್ಲಾ ಅವನದೇ." ಅವಳ ಮಾತು ಥಟ್ಟನೆ ನಿಂತಿತು. "ಇವಳು ಬಂದದ್ದು ನಮ್ಮಿಬ್ಬರಿಗೇ ಈಗ ತಾನೇ ಗೊತ್ತಾಗಿದ್ದು. ಅಂಗಳದಿಂದಲೇ ಬಂದಳಾ ಅಂತ ಕೂಗಿದ್ನಲ್ಲ. ಅವನಿಗೆ ಹೇಳಿದ್ಯಾರು?"

ಇಬ್ಬರೂ ಒಟ್ಟಿಗೇ ಕೊರಳ ಹಗ್ಗದತ್ತ ನೋಡಿದರು.

ರೀಶಾ ತಪ್ಪಿಸಿಕೊಂಡು ಓಡುವಾಗ ದಹಾಮ್ ಅಲ್ಲೇ ಇದ್ದ. ಗಂಟು ಬಿಚ್ಚಲು ಪುರುಸೊತ್ತಿಲ್ಲದೆ ಹಗ್ಗ ಕತ್ತರಿಸಿದವನು ಹವ್ವಾಸ್. ಆಮೇಲೆ ಆ ಮನೆಯೊಳಗೆ ಏನಾಯಿತು?

ನೋಫಾ ಎದ್ದು ಬಾಗಿಲತ್ತ ಓಡಿದಳು. ಶಮ್ಮಾ ಅಡ್ಡ ಬಂದು ಭುಜ ಹಿಡಿದಳು.

"ನಿಲ್ಲು! ದಾರಿಯಲ್ಲೇ ಎದುರಾಗ್ತಾನೆ. ಹಿಂದಿನ ಕಿಟಕಿಯಿಂದ ಇಳಿ, ಶೇಖನ ಮನೆಗೆ ಹೋಗು. ಪೊಲೀಸ್ ಠಾಣೆ ಬೇಡ, ಅಲ್ಲಿರೋರೆಲ್ಲ ಅವನ ಮನೇಲಿ ಊಟ ಮಾಡೋರು. ಊರಿಗೆ ಬಂದ ಅತಿಥಿ ಕೊಲೆ ಅಂದ್ರೆ ಶೇಖ ಕೂತಲ್ಲಿ ಕೂರಲ್ಲ. ಗಂಡಸರನ್ನ ಬೆಟ್ಟದ ಹಿಂದಕ್ಕೆ ಕಳ್ಸೋಕೆ ಹೇಳು."

"ನೀನು?"

ದೂರದಲ್ಲಿ ಇಂಜಿನು ಕೆಮ್ಮಿತು.

"ನಾನಿಲ್ದಿದ್ರೆ ಅವನಿಗೆ ಅನುಮಾನ ಬರುತ್ತೆ. ನಿನ್ನ ಹುಡುಕ್ತಾನೆ. ಹೋಗು ಅತ್ತಿಗೆ, ನಿನ್ನ ಕಾಲಿಗೆ ಬೀಳ್ತೀನಿ, ಹೋಗು!"

ನೋಫಾಳ ಕಪ್ಪು ಬಟ್ಟೆ ಕಿಟಕಿಯಾಚೆ ಇಳಿದು ಮಂಜಿನಲ್ಲಿ ಅಳಿಸಿಹೋಯಿತು. ಶಮ್ಮಾ ಕಿಟಕಿ ಮುಚ್ಚಿ, ಮುಖಕ್ಕೆ ನೀರು ಹಾಕಿಕೊಂಡಳು.

ಬಾಗಿಲು ತೆಗೆದಾಗ ದಹಾಮ್ ಒಬ್ಬನೇ ನಿಂತಿದ್ದ. ಪಿಕಪ್ಪಿನ ಹಿಂಭಾಗ ಖಾಲಿ.

"ನಾನೂ ಬರ್ತೀನಿ ಚಿಕ್ಕಪ್ಪ," ಎಂದಳು, ಅವನು ಬಾಯಿ ತೆರೆಯುವ ಮೊದಲೇ. "ನಾನಿಲ್ದೆ ಇವಳು ಗಾಡಿ ಹತ್ತಲ್ಲ. ಒಂದೆರಡು ದಿನ ನಿಮ್ಮ ಮನೇಲೇ ಇದ್ದು ರೂಢಿ ಮಾಡ್ಸಿ ಬರ್ತೀನಿ."

ದಹಾಮ್ ಅವಳನ್ನೇ ನೋಡಿದ. "ನೋಫಾ?"

"ತಲೆನೋವು ಅಂತ ಮಲಗಿದಾಳೆ."

"ಪಾಪ," ಎಂದ. ಅವಳ ಹೆಗಲ ಮೇಲಿಂದ ಮನೆಯೊಳಕ್ಕೆ ಒಂದು ನೋಟ ಹಾಯಿಸಿದ. "ಸರಿ, ಹತ್ತು."

ಮುಂದಿನ ಸೀಟಿನಲ್ಲಿ ರೀಶಾಳನ್ನು ತೊಡೆಯ ಮೇಲೆ ಅವುಚಿಕೊಂಡು ಶಮ್ಮಾ ಕೂತಳು. ಗಾಡಿ ಹೊರಟಿತು. ಗಾಜಿನಾಚೆ ನಾಲ್ಕು ಮಾರು ನೆಲ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ದಹಾಮ್ ಯಾವುದೋ ಹಳೆಯ ಹಾಡಿನ ಧಾಟಿ ಗುನುಗುತ್ತಿದ್ದ. ಸ್ಟೀರಿಂಗ್ ಹಿಡಿದ ಅವನ ಗೆಣ್ಣುಗಳ ಮೇಲೆ ಹಸಿ ತರಚುಗಾಯ. ಶಮ್ಮಾ ಅತ್ತ ನೋಡದಿರಲು ಪ್ರಯತ್ನಿಸಿದಳು.

ಅವಳು ಏಳು ವರ್ಷದವಳಿದ್ದಾಗ, ಆಗತಾನೇ ಹುಟ್ಟಿದ ಸಲೂಕಿ ಮರಿಯನ್ನು ಅವಳ ಅಂಗೈಗಿಟ್ಟು, ಎದೆ ಬಡಿತ ಕೇಳು ಎಂದು ಕಿವಿಯ ಬಳಿ ಹಿಡಿಸಿದವನು ಈ ಚಿಕ್ಕಪ್ಪನೇ. ಅವೇ ಕೈಗಳು.

"ಚಳಿನಾ ಮಗಳೇ? ನಡುಗ್ತಿದ್ದೀಯ."

"ಹ್ಞೂಂ. ಮಂಜು ಅಲ್ವಾ."

ಡಾಂಬರು ರಸ್ತೆ ಬಂತು. ದಹಾಮನ ಮನೆ ಎಡಕ್ಕೆ. ಗಾಡಿ ಬಲಕ್ಕೆ ತಿರುಗಿತು.

"ನಿಮ್ಮನೆ ಆ ಕಡೆ ಅಲ್ವಾ ಚಿಕ್ಕಪ್ಪ?"

"ನಲವತ್ತು ವರ್ಷದಿಂದ ಈ ದಾರೀಲಿ ಓಡಾಡ್ತಿದ್ದೀನಿ. ನನಗೇ ದಾರಿ ಹೇಳ್ಕೊಡ್ತೀಯಾ?" ಎಂದು ನಕ್ಕ. ಈ ಸಲ ಕಣ್ಣು ನಗಲಿಲ್ಲ.

ಡಾಂಬರು ಮುಗಿದು ಕಲ್ಲುದಾರಿ ಶುರುವಾಯಿತು. ಗಾಡಿ ಏರತೊಡಗಿತು. ಶೇಖನ ಮನೆ ತಲುಪಲು ನೋಫಾಳಿಗೆ ಎಷ್ಟು ಹೊತ್ತು ಬೇಕು? ಮಂಜಿನಲ್ಲಿ ದಿಕ್ಕು ತಪ್ಪಿದರೆ? ಹೊರಗೆ ಹಾರಿಬಿಡೋಣವೆಂದು ಶಮ್ಮಾಳ ಕೈ ಬಾಗಿಲ ಹಿಡಿಯತ್ತ ಸರಿಯಿತು. ಹಿಡಿ ಇರಬೇಕಾದ ಜಾಗದಲ್ಲಿ ಒಂದು ಮುರಿದ ಕಬ್ಬಿಣದ ತುಂಡು ಮಾತ್ರ ಇತ್ತು.

ತೊಡೆಯ ಮೇಲೆ ರೀಶಾ ತಲೆಯೆತ್ತಿತು. ಮೂಗರಳಿಸಿತು. ಬಾಲ ಮೆಲ್ಲಗೆ ಬಾಗಿಲಿಗೆ ಬಡಿಯತೊಡಗಿತು. ಈ ದಾರಿ ಅದಕ್ಕೆ ಗೊತ್ತಿತ್ತು. ಅಣ್ಣನ ಹತ್ತಿರಕ್ಕೆ ಹೋಗುವ ದಾರಿ. ಆ ಬಡಿತದ ಜೊತೆಗೇ ಶಮ್ಮಾಳ ಎದೆಯಲ್ಲೂ ಒಂದು ಹುಚ್ಚು ಆಸೆ ಎದ್ದಿತು.

ಮಂಜಿನೊಳಗಿಂದ ಮಣ್ಣಿನ ಮನೆಯೊಂದು ಮೇಲೆದ್ದಿತು. ಗಾಡಿ ನಿಂತಿತು. ಇಂಜಿನು ಆರಿತು. ಮನೆಯಿಂದ ಹೊಗೆ ಏಳುತ್ತಿರಲಿಲ್ಲ.

ದಹಾಮ್ ಸುತ್ತು ಹಾಕಿ ಬಂದು ಅವಳ ಕಡೆಯ ಬಾಗಿಲನ್ನು ಹೊರಗಿನಿಂದ ತೆಗೆದ. ರೀಶಾ ನೆಗೆಯಲು ಮುಂಗಾಲು ಚಾಚಿತು. ಗಾಳಿ ಮೂಸಿತು. ಬಾಲದ ಬಡಿತ ನಿಂತಿತು. ಚಾಚಿದ ಕಾಲನ್ನು ಹಿಂದಕ್ಕೆಳೆದುಕೊಂಡು, ಸೀಟಿನ ಮೂಲೆಗೆ ಸರಿದು, ಶಮ್ಮಾಳ ತೋಳಿನಡಿ ಮುಖ ಹುದುಗಿಸಿತು.

"ಇಳಿ ಮಗಳೇ," ಎಂದ ದಹಾಮ್, ಊಟಕ್ಕೆ ಕರೆಯುವಷ್ಟು ಅಕ್ಕರೆಯಿಂದ. "ನೋಫಾ ಎಲ್ಲಾ ಹೇಳಿರ್ಬೇಕಲ್ಲ. ನಿಮ್ಮಣ್ಣ ಒಳಗಿದಾನೆ."

ಶಮ್ಮಾ ಮನೆಯತ್ತ ನೋಡಿದಳು. ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿತ್ತು.